ಹಳೇ ಕಂಪ್ಯೂಟರ್‌ಗೆ ಪ್ರೊಸೆಸರ್, ರ‍್ಯಾಮ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೇ ಡೆಸ್ಕ್‌ಟಾಪ್ ಹೊತ್ತುಕೊಂಡು ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡ್‌ಗೆ ಹೋಗುವವರು ಸ್ವಲ್ಪ ಹುಷಾರಾಗಿರಿ. ನಮ್ಮ ಚಿಕ್ಕಪ್ಪನಿಗೆ ಅಲ್ಲಿ ಒಂದು ಅಂಗಡಿಯಲ್ಲಿ ಆದ ಮೋಸ ಇನ್ಯಾರಿಗೂ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅವರದು ಝೆರಾಕ್ಸ್ ಅಂಗಡಿ. ಮೆಷಿನ್ ಎಚ್61 ಮದರ್‌ಬೋರ್ಡಿನದು (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್), ಇಂಟೆಲ್‌ನ ಎರಡನೇ ಜನರೇಷನ್ ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್. ಮೂರನೇ ಜನರೇಷನ್ನಿನ ಐ5-3470 ಚಿಪ್ಪು (ಅಂದರೆ ಪ್ರೊಸೆಸರ್), 8 ಜಿಬಿ ಡಿಡಿಆರ್3 ರ‍್ಯಾಮ್ ಹಾಕಿಸಿದರೆ ಇನ್ನೊಂದಷ್ಟು ದಿನ ಓಡುತ್ತೆ ಅಂತ ಮಗನ ಜೊತೆ ಹೋಗಿದ್ದರು. ಎರಡಕ್ಕೂ ಸೇರಿ 6,800 ರೂಪಾಯಿ ಹೇಳಿದರಂತೆ. "ಹೊಸಾ ಪೀಸ್ ಸಾರ್, ಮೂರು ವರ್ಷ ವಾರಂಟಿ."

ಹೊಸಾ ಪೀಸ್ ಎಲ್ಲಿಂದ ಬರಬೇಕು? ಆ ಚಿಪ್ಪು ಬಂದದ್ದು 2012ರಲ್ಲಿ, ಇಂಟೆಲ್ ಅದನ್ನು ನಿಲ್ಲಿಸಿ ಎಷ್ಟೋ ವರ್ಷವಾಯಿತು. ಈಗ ಸಿಗುವುದು ಹೆಚ್ಚಾಗಿ ಆಫೀಸುಗಳು ಮಾರಿದ ಹಳೇ ಮೆಷಿನ್‌ಗಳಿಂದ ಬಿಚ್ಚಿದ ಮಾಲು. ಬಿಚ್ಚಿದ್ದು ಅಂದರೆ ಕೆಟ್ಟದ್ದು ಅಂತಲ್ಲ, ಪ್ರೊಸೆಸರ್ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಆದರೆ ಅದಕ್ಕೆ ಹೊಸದರ ರೇಟ್ ಯಾಕೆ ಕೊಡಬೇಕು? ಆಮೇಲೆ ನಾನೇ ಹೋಗಿ ಅದೇ ಬೀದಿಯಲ್ಲಿ ವಿಚಾರಿಸಿದಾಗ, ಸೆಕೆಂಡ್ ಹ್ಯಾಂಡ್ ಅಂತ ನೇರವಾಗಿ ಹೇಳಿಯೇ ಎರಡನ್ನೂ 2,700ಕ್ಕೆ ಕೊಡುವವರು ಇದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಕಿದ ಮೇಲೆ ಮೆಷಿನ್ ಆನ್ ಆಗಲಿಲ್ಲ. "ಬೋರ್ಡ್ ಹೋಗಿದೆ" ಅಂತ ಹೇಳಿ ಇನ್ನೊಂದು ಹಳೇ ಬೋರ್ಡ್ ಹಾಕಿ ಮತ್ತೆ 3,500 ತೆಗೆದುಕೊಂಡರು, ಅದರ ಜೊತೆ ರ‍್ಯಾಮನ್ನೂ ಸದ್ದಿಲ್ಲದೆ ಬದಲಾಯಿಸಿದರು. ಮೊದಲು ಹಾಕಿದ್ದ ರ‍್ಯಾಮ್ ಸ್ಟಿಕ್ಕಿನ ಫೋಟೋ ಚಿಕ್ಕಪ್ಪನ ಮಗನ ಫೋನಿನಲ್ಲಿತ್ತು. ಅದರ ಮೇಲೆ ಚಿಕ್ಕದಾಗಿ ಎಎಂಡಿ ಅಂತ ಇದೆ! ಎಎಂಡಿ ಅಂದರೆ ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ, ಅದರ ಚಿಪ್ಪು ಕೂರುವ ಬೋರ್ಡಿಗೆ ಮಾತ್ರ ಅಂತ ಬರುವ ಅಗ್ಗದ ಡಿಡಿಆರ್3 ಸ್ಟಿಕ್ಕುಗಳು ಇಂಟೆಲ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಓಡುವುದೇ ಇಲ್ಲ. "ಹೋಗಿದ್ದ" ಬೋರ್ಡನ್ನು ಪುಣ್ಯಕ್ಕೆ ವಾಪಸ್ ತಂದಿದ್ದರು. ಮನೆಯಲ್ಲಿ ಹಳೇ ಐ3 ಹಾಕಿ, ಮಾಮೂಲಿ 4 ಜಿಬಿ ಸ್ಟಿಕ್ ಚುಚ್ಚಿದರೆ ತಕ್ಷಣ ಆನ್ ಆಯಿತು. ಬಯಾಸ್ (ಮೆಷಿನ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ ಮೇಲೆ ಐ5 ಕೂಡ ಅದರಲ್ಲೇ ಓಡಿತು.

ಕೇಳಲು ಹೋದರೆ "ಮಾರಿದ ಮಾಲು ವಾಪಸ್ ಇಲ್ಲ" ಅಂದರು. ಕೊಟ್ಟಿದ್ದ ಬಿಲ್ ನೋಡಿದರೆ ಬರೀ ಎಸ್ಟಿಮೇಟ್ ಚೀಟಿ, ಅದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ವಾರಂಟಿಯ ಮಾತೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆದರೆ ಸರಿಯಾದ ಬಿಲ್ ಇಲ್ಲದಿದ್ದರೆ ಏನಂತ ತೋರಿಸುವುದು ಹೇಳಿ?

ಅದಕ್ಕೇ ಮಾಡೆಲ್ ನಂಬರ್ ಹೇಳಿ, "ಬಿಚ್ಚಿದ ಪೀಸ್ ಎಷ್ಟು?" ಅಂತಲೇ ಮೂರ್ನಾಲ್ಕು ಕಡೆ ಕೇಳಿ. ನಿಮ್ಮ ಬೋರ್ಡ್ ಯಾವ ಚಿಪ್ಪು ತಗೊಳ್ಳುತ್ತೆ, ಅದಕ್ಕೆ ಯಾವ ಬಯಾಸ್ ಬೇಕು ಅನ್ನೋದನ್ನು ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ. ಇನ್ನೊಂದು, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಮೂರನೇ ಜನರೇಷನ್ ಚಿಪ್ಪುಗಳನ್ನು ಒಪ್ಪುವುದಿಲ್ಲ. ಇಂಥ ಮೆಷಿನ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ.

ಎಲ್ಲವನ್ನೂ ಕಣ್ಣೆದುರಿಗೇ ಹಾಕಿಸಿ. ಸೆಕೆಂಡ್ ಹ್ಯಾಂಡ್ ಆದರೆ ಹಾಗಂತಲೇ ಬಿಲ್ಲಿನಲ್ಲಿ ಬರೆಸಿ, ಎಷ್ಟು ದಿನ ವಾರಂಟಿ ಅನ್ನೋದನ್ನೂ ಬರೆಸಿ. ಬಿಚ್ಚಿದ ಹಳೇ ಚಿಪ್ಪು, ರ‍್ಯಾಮ್, ಬೋರ್ಡ್ ಯಾವುದನ್ನೂ ಅಲ್ಲಿ ಬಿಟ್ಟು ಬರಬೇಡಿ.