ಕೇಪಿನ ಬಂದೂಕ, ಜೋಡಿ ನಳಿಗೆ, ಭಾವನ ರೈಫಲ್: ನಮ್ಮ ನಾಲ್ಕೆಕರೆಗೆ ಯಾವುದು ಸರಿ?

ನಮ್ಮ ಹೊಲ ಮಧುಗಿರಿ ತಾಲ್ಲೂಕಿನಲ್ಲಿದೆ. ಮೈದನಹಳ್ಳಿ ಕಾವಲಿನಿಂದ ಬೈಕಿನಲ್ಲಿ ಹತ್ತು ನಿಮಿಷ. ನಾಲ್ಕೆಕರೆ ಕಡ್ಲೇಕಾಯಿ, ಸಾಲಿನ ನಡುವೆ ತೊಗರಿ, ಬೋರ್‌ವೆಲ್ ಇರುವ ಮೂಲೆಯಲ್ಲಿ ಒಂದಿಷ್ಟು ಮುಸುಕಿನ ಜೋಳ. ಕಾಯಿ ಬಲಿಯುವ ಹದಿನೈದು ದಿನ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ. ಕಾಡುಹಂದಿ ಒಂದು ಸಲ ಒಳಗೆ ನುಗ್ಗಿದರೆ ಬೆಳಗ್ಗೆ ನೋಡುವಾಗ ಅರ್ಧ ಎಕರೆ ನೇಗಿಲು ಹೊಡೆದ ಹಾಗೆ ಬಿದ್ದಿರುತ್ತದೆ.

ಹಾಗಾಗಿ ನಮ್ಮ ಕಡೆ ಟೀ ಅಂಗಡಿಯಲ್ಲಿ ಬಂದೂಕದ ಮಾತು ಬಂದರೆ ಸುಲಭಕ್ಕೆ ಮುಗಿಯುವುದಿಲ್ಲ. ರೈಫಲ್ಲೇ ರಾಜ ಅನ್ನುವವರು ಒಂದು ಕಡೆ. ತಾತನ ಕಾಲದ ಕೇಪಿನ ಬಂದೂಕದ ಮುಂದೆ ಯಾವುದೂ ಇಲ್ಲ ಅನ್ನುವವರು ಇನ್ನೊಂದು ಕಡೆ. ಅರ್ಧ ಜನ ಒಂದನ್ನೂ ಹೊಡೆದು ನೋಡಿದವರಲ್ಲ. ನಾನು ನಾಲ್ಕನ್ನು ಹೊಡೆದು ನೋಡಿದ್ದೇನೆ. ತಾತನಿಂದ ಬಂದ ಕೇಪಿನ ಬಂದೂಕ, ನಾನೇ ಕೊಂಡ ಹನ್ನೆರಡು ಬೋರಿನ ಜೋಡಿ ನಳಿಗೆ, ದೊಡ್ಡಪ್ಪನ ಮಗ ಅಣ್ಣನ ಬಳಿಯ ಹಳೇ ಇಂಗ್ಲಿಷ್ ಜೋಡಿ ನಳಿಗೆ, ಕೊರಟಗೆರೆ ಭಾವನ .315 ರೈಫಲ್. ಮೊದಲನೆಯದನ್ನು ಬಿಟ್ಟು ಉಳಿದ ಮೂರನ್ನೂ ಬೆಂಗಳೂರಿನ ಹೊರಗಿನ ಒಂದು ಗುರಿ ಅಭ್ಯಾಸದ ರೇಂಜಿನಲ್ಲಿ ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಅವರವರ ಬಂದೂಕ, ಅವರವರ ಲೈಸೆನ್ಸ್ ಪುಸ್ತಕ ಜೊತೆಯಲ್ಲೇ ಇತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂದೂಕದ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಕೃಷ್ಣಮೃಗ, ನವಿಲು ಎರಡೂ ಅದರ ಮೊದಲನೇ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. ನಮ್ಮ ಪಕ್ಕದ ಕಾವಲನ್ನಂತೂ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಅಂತ ಘೋಷಿಸಿದ್ದಾರೆ. ಹಂದಿ ಬೆಳೆ ತಿಂದರೂ ಅರಣ್ಯ ಇಲಾಖೆಯವರು ಬರೆದುಕೊಡದೆ ಹೊಡೆಯುವಂತಿಲ್ಲ. ನಮಗೆ ಬಂದೂಕ ಬೇಕಾಗಿರುವುದು ಸದ್ದಿಗೆ, ಒಂಟಿ ಮನೆಯ ಧೈರ್ಯಕ್ಕೆ. ಕೆಳಗಿನ ಹೋಲಿಕೆಯನ್ನೆಲ್ಲ ಆ ಕಣ್ಣಿನಿಂದಲೇ ನೋಡಿ. ಬೇರೆ ದೇಶದಲ್ಲಿ ಜಿಂಕೆ ಹೊಡೆಯುವವನು ಬರೆದರೆ ಇದೇ ಬಂದೂಕಗಳ ಸಾಲು ತಲೆಕೆಳಗಾಗಬಹುದು.

ಕೇಪಿನ ಬಂದೂಕದಿಂದ ಶುರು ಮಾಡೋಣ. ಬಾಯಿಂದ ಮದ್ದು ಸುರಿದು, ಉದ್ದ ಸಲಾಕೆಯಲ್ಲಿ ಜಡಿದು, ಹಿಂದೆ ಕಿಡಿ ಕೊಡುವ ಸಣ್ಣ ಕೇಪು ಕೂರಿಸಿ ಹೊಡೆಯುವುದು. ತಾತ ಇದನ್ನು ಮಗುವಿನ ಹಾಗೆ ಸಾಕಿದ್ದರು. 1959ರ ಆಯುಧ ಕಾಯ್ದೆಯಲ್ಲೇ ಬೆಳೆ ಕಾಯುವುದಕ್ಕೆ ಅಂತ ಹೆಸರಿಟ್ಟು ಹೇಳಿರುವುದು ಇಂಥ ಬಾಯಿಂದ ತುಂಬುವ ಬಂದೂಕವನ್ನೇ. ಅಂದರೆ ರೈತನ ಬಂದೂಕ ಅಂತ ಸರ್ಕಾರವೇ ಒಪ್ಪಿದ್ದು ಇದನ್ನು.

ಸದ್ದಿನ ವಿಷಯದಲ್ಲಿ ಇದನ್ನು ಮೀರಿಸುವುದು ಇಲ್ಲ. ಚರೆ, ಅಂದರೆ ಸೀಸದ ಸಣ್ಣ ಗುಂಡು, ಹಾಕದೆ ಬರೀ ಮದ್ದಿನಲ್ಲಿ ಹೊಡೆದರೂ ಎದೆಗೆ ಗುದ್ದಿದ ಹಾಗೆ ದಪ್ಪ ಸದ್ದು. ಜೊತೆಗೆ ಒಂದು ಮೋಡ ಹೊಗೆ. ಗುಂಡೇ ಇಲ್ಲದ ಮೇಲೆ ಪಕ್ಕದ ಹೊಲದವರ ಭಯವೂ ಇಲ್ಲ. ಖರ್ಚೂ ಕಡಿಮೆ.

ಆದರೆ ಮಳೆಗಾಲದಲ್ಲಿ ಇದರ ಬಣ್ಣ ಬಯಲಾಗುತ್ತದೆ. ಕಡ್ಲೇಕಾಯಿ ಬಲಿಯುವುದೂ ಮೋಡ ಕವಿಯುವುದೂ ಒಂದೇ ಕಾಲಕ್ಕೆ ಅಲ್ವಾ. ಮದ್ದು ಸ್ವಲ್ಪ ತೇವ ಹಿಡಿದರೂ ಕೇಪು ಚಟ್ ಅನ್ನುತ್ತದೆ, ಬಂದೂಕ ಸುಮ್ಮನೆ ಕೂರುತ್ತದೆ. ಆಮೇಲೆ ಆ ಕ್ಷಣದಲ್ಲಿ ಮುಖ ಹತ್ತಿರ ತರಬಾರದು. ತಡವಾಗಿಯೂ ಹೊತ್ತಿಕೊಳ್ಳಬಹುದು. ಬಾಯನ್ನು ಖಾಲಿ ಜಾಗಕ್ಕೆ ತಿರುಗಿಸಿ ಕಾಯಬೇಕು. ಅಷ್ಟರಲ್ಲಿ ಹಂದಿ ಎರಡು ಸಾಲು ಮುಗಿಸಿರುತ್ತದೆ. ಎರಡನೇ ಸಲ ತುಂಬಲು ನನಗೆ ಒಂದೂವರೆ ನಿಮಿಷ ಬೇಕು. ತಾತನಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು ಅಂತ ಅಜ್ಜಿ ಈಗಲೂ ಚುಚ್ಚುತ್ತಾರೆ. ಹೊಡೆದ ದಿನವೇ ನಳಿಗೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಡಬೇಕು. ಕಪ್ಪು ಮದ್ದಿನ ಮಸಿ ನೀರಿನ ಅಂಶ ಎಳೆದುಕೊಳ್ಳುತ್ತದೆ. ನಾಳೆ ನೋಡೋಣ ಅಂದರೆ ನಾಳೆ ತುಕ್ಕು.

ಈಗ ಜೋಡಿ ನಳಿಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಯಾಕೆಂದರೆ ನಾನು ದುಡ್ಡು ಕೊಟ್ಟಿದ್ದು ಇದಕ್ಕೆ.

ಹನ್ನೆರಡು ಬೋರು ಅಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ಅಷ್ಟು ನಳಿಗೆಯ ಅಗಲ. ಹತ್ತಿರ ಹತ್ತಿರ ಹದಿನೆಂಟೂವರೆ ಮಿಲಿಮೀಟರ್. ಅದಕ್ಕೇ ನಂಬರ್ ಜಾಸ್ತಿಯಾದಷ್ಟೂ ನಳಿಗೆ ಸಣ್ಣದಾಗುತ್ತದೆ. ಹದಿನಾರು ಬೋರು ಹನ್ನೆರಡಕ್ಕಿಂತ ತೆಳು.

ನನ್ನದು ಇಲ್ಲೇ ನಮ್ಮ ದೇಶದಲ್ಲಿ ತಯಾರಾದದ್ದು. ಕೈ ಬದಲಾದ ಮಾಲು, ಮೂವತ್ತು ಸಾವಿರದ ಒಳಗೆ ಸಿಕ್ಕಿತು. ನೋಡಲು ಅಂಥ ಚೆಂದವೇನಿಲ್ಲ, ಮರದ ಮೇಲೆ ಹಿಂದಿನ ಮಾಲೀಕನ ಗೀರುಗಳು ಬೇರೆ. ಆದರೆ ತೋಟಾ ಹಾಕಲು ನಳಿಗೆಯನ್ನು ಬಗ್ಗಿಸಿ ತೆರೆದು, ಮತ್ತೆ ಎತ್ತಿ ಮುಚ್ಚಿದರೆ ಹಳೇ ಕಬ್ಬಿಣದ ಬೀರು ಬಾಗಿಲ ಹಾಗೆ ಗಟ್ಟಿಯಾಗಿ ಕೂರುತ್ತದೆ. ಕೊಳ್ಳುವಾಗ ನಾನು ಮೊದಲು ನೋಡಿದ್ದು ಅದನ್ನೇ. ಮುಚ್ಚಿದ ಮೇಲೆ ನಳಿಗೆಯನ್ನು ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನಬಾರದು. ಆಮೇಲೆ ನಳಿಗೆಯನ್ನು ಬಿಚ್ಚಿ ಆಕಾಶಕ್ಕೆ ಹಿಡಿದು ಒಳಗೆ ನೋಡಬೇಕು. ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಎಲ್ಲಾದರೂ ಉಂಗುರ ಸೊಟ್ಟಗಾಯಿತು ಅಂದರೆ ಅಲ್ಲಿ ನೆಗ್ಗಿದೆ ಅಥವಾ ಉಬ್ಬಿದೆ ಅಂತ ಅರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಎರಡು ಟ್ರಿಗರ್. ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಬಲ ನಳಿಗೆಯ ಬಾಯಿ ಸಡಿಲ, ಎಡದ್ದು ಬಿಗಿ. ಈ ಬಿಗಿತಕ್ಕೆ ಚೋಕ್ ಅನ್ನುತ್ತಾರೆ. ಬಾಯಿ ಬಿಗಿಯಾದಷ್ಟೂ ಚರೆ ಒತ್ತಾಗಿ ಹೋಗುತ್ತವೆ. ಪುಸ್ತಕದ ಲೆಕ್ಕ ಹೀಗಿದೆ: ನಲವತ್ತು ಗಜ ದೂರದಲ್ಲಿ ಮೂವತ್ತು ಇಂಚಿನ ವೃತ್ತದೊಳಗೆ ಪೂರ್ತಿ ಬಿಗಿ ಚೋಕಿನ ನಳಿಗೆ ನೂರಕ್ಕೆ ಎಪ್ಪತ್ತು ಚರೆ ಹಾಕಬೇಕು. ಚೋಕೇ ಇಲ್ಲದ್ದು ನಲವತ್ತು ಹಾಕಿದರೆ ಸಾಕು.

ನಾವು ಹಳೇ ಕ್ಯಾಲೆಂಡರುಗಳನ್ನು ತಿರುವಿ ರಟ್ಟಿಗೆ ಅಂಟಿಸಿ, ದಾರ ಕಟ್ಟಿ ವೃತ್ತ ಎಳೆದು, ಆರನೇ ನಂಬರ್ ಚರೆಯಲ್ಲಿ ಹೊಡೆದೆವು. ತೂತು ಎಣಿಸುವ ಕೆಲಸ ಭಾವನ ಮಗಳದ್ದು. ಪೆನ್ಸಿಲಿನಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತಾ ಕೂತಳು. ಒಂದು ತೋಟಾದಲ್ಲಿ ಹೆಚ್ಚುಕಮ್ಮಿ 280 ಚರೆ ಅಂತ ಹಿಡಿದರೆ, ಬಲ ನಳಿಗೆಯದು 139, ಎಡದ್ದು 191. ಅಂದರೆ ಎಡ ನಳಿಗೆ ನೂರಕ್ಕೆ ಅರವತ್ತೆಂಟು, ಪುಸ್ತಕದ ಲೆಕ್ಕಕ್ಕೆ ಎರಡೇ ಹಿಂದೆ. ಗೀರು ಬಿದ್ದ ಮರದ ಬಂದೂಕಕ್ಕೆ ಇದು ಸಾಕಲ್ಲವೇ?

ಅಣ್ಣನ ಇಂಗ್ಲಿಷ್ ಬಂದೂಕವನ್ನು ಕೈಗೆ ತೆಗೆದುಕೊಂಡರೆ ಮಾತ್ರ ನನ್ನದು ಹಾರೆಯ ಹಾಗೆ ಅನಿಸಿತು. ಬರ್ಮಿಂಗ್‌ಹ್ಯಾಮಿನದು. ಭುಜಕ್ಕೆ ಏರಿಸಿದರೆ ಕಣ್ಣು ತಾನಾಗಿಯೇ ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತದೆ. ಬೀಗದ ತಗಡಿನ ಮೇಲೆ ಸಣ್ಣ ಹೂಬಳ್ಳಿ ಕೆತ್ತನೆ. ಕಾಗದದ ಮೇಲೂ ಎಡ ನಳಿಗೆ 198 ಹಾಕಿತು. ನನ್ನದಕ್ಕಿಂತ ಏಳೇ ಜಾಸ್ತಿ. ಆ ಏಳು ಚರೆಗೆ ಅಣ್ಣ ಮೂರು ಪಟ್ಟು ದುಡ್ಡು ಕೊಟ್ಟಿದ್ದಾನೆ ಅಂತ ಭಾವ ನಕ್ಕರು. ಅಣ್ಣ ನಗಲಿಲ್ಲ.

ಆದರೆ ಇದರಲ್ಲಿ ಒಂದು ಸಂಗತಿ ಇದೆ. ಹಳೇ ಇಂಗ್ಲಿಷ್ ಬಂದೂಕ ಕೊಳ್ಳುವವರೆಲ್ಲ ತಿಳಿದಿರಬೇಕು. ಬಹಳಷ್ಟು ಹಳೆಯವುಗಳಲ್ಲಿ ತೋಟಾ ಕೂರುವ ಜಾಗ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವ ತೋಟಾ ಸಾಮಾನ್ಯವಾಗಿ 70. ಹಾಕಿದರೆ ಕೂರುತ್ತದೆ! ಮೋಸ ಇರುವುದೇ ಅಲ್ಲಿ. ಯಾಕೆಂದರೆ ಆ 70 ಅನ್ನುವುದು ಹೊಡೆದ ಮೇಲೆ ತೋಟಾದ ತುದಿಯ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯುವ ಮೊದಲು ಗಿಡ್ಡಗಿರುತ್ತದೆ. ಹೊಡೆದಾಗ ಬಿಚ್ಚಿದ ತುದಿ ನಳಿಗೆಯ ಕಿರಿದಾದ ಕಡೆಗೆ ಚಾಚಿ ದಾರಿ ಕಟ್ಟುತ್ತದೆ, ಒಳಗೆ ಒತ್ತಡ ಏರುತ್ತದೆ. ಅಣ್ಣನಿಗೆ ಮಾರಿದ ಅಂಗಡಿಯವನು ಇದನ್ನು ಹೇಳಲೇ ಇಲ್ಲ. ಎಲ್ಲ ತೋಟಾನೂ ಒಂದೇ ಸಾರ್ ಅಂದಿದ್ದನಂತೆ. ಒಂದು ವರ್ಷ ಹಾಗೇ ಹೊಡೆದಿದ್ದಾನೆ. ಈ ಭುಜನೋವು ಎಲ್ಲಿಂದ ಬಂತು ಅಂತ ಡಾಕ್ಟರ ಬಳಿಯೂ ಹೋಗಿಬಂದಿದ್ದ. ಕೊನೆಗೆ ರೇಂಜಿನ ಹಿರಿಯರೊಬ್ಬರು ನಳಿಗೆ ಬಿಚ್ಚಿ ಕೆಳಗಿನ ಮುದ್ರೆಗಳನ್ನು ತೋರಿಸಿದರು. ಅಳತೆ ಅಲ್ಲೇ ಕೊರೆದಿತ್ತು.

ನಳಿಗೆಯ ಮೇಲೆ ನೀರಿನ ಅಲೆಯ ಹಾಗೆ ಪಟ್ಟೆ ಪಟ್ಟೆ ಕಂಡರೆ ಇನ್ನೂ ಜಾಗ್ರತೆ. ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಹೆಚ್ಚಾಗಿ ಕಪ್ಪು ಮದ್ದಿನ ಕಾಲದ್ದು. ಗೋಡೆಗೆ ತೂಗುಹಾಕಲು ಚೆಂದ. ಇವತ್ತಿನ ತೋಟಾ ಹಾಕಿ ಹೊಡೆಯಲು ಅಲ್ಲ.

ಭಾವನ ರೈಫಲ್ ಬೇರೆಯೇ ಜಾತಿ. .315 ಬೋಲ್ಟ್ ರೈಫಲ್, ಅಂದರೆ ಪ್ರತಿ ಸಲ ಚಿಲಕದ ಹಾಗೆ ಬೋಲ್ಟು ಎಳೆದು ಗುಂಡು ತುಂಬುವುದು, ಪಶ್ಚಿಮ ಬಂಗಾಳದ ಇಶಾಪುರದ್ದು. ಬೋಲ್ಟು ನೋಡಿದರೆ ನಮ್ಮ ಪೊಲೀಸರ ಹಳೇ .303 ನೆನಪಾಗುತ್ತದೆ, ವಂಶ ಒಂದೇ. ಬ್ರಿಟಿಷರು ಸೈನ್ಯದ .303 ಗುಂಡು ಜನರ ಕೈಗೆ ಸಿಗಬಾರದು ಅಂತ ತಡೆದಿದ್ದರು. ಆ ಜಾಗಕ್ಕೆ ಬಂದದ್ದು ಆಸ್ಟ್ರಿಯಾದ ಎಂಟು ಮಿಲಿಮೀಟರಿನ ಮನ್ಲಿಷರ್ ಗುಂಡು. ಅದೇ ನಮ್ಮಲ್ಲಿ ಮುನ್ನೂರ ಹದಿನೈದು ಆಯಿತು. ಬ್ರಿಟಿಷರು ಹೋದರು, ಗುಂಡು ಉಳಿಯಿತು.

ಗುರಿಯ ವಿಷಯದಲ್ಲಿ ಜೋಡಿ ನಳಿಗೆಯನ್ನು ಇದರ ಪಕ್ಕದಲ್ಲಿ ಇಡುವುದೇ ತಪ್ಪು. ನೂರು ಮೀಟರಿನಲ್ಲಿ, ದುರ್ಬೀನು ಇಲ್ಲದೆ, ಚೀಲದ ಮೇಲೆ ಒರಗಿಸಿ ಭಾವ ಐದು ಹೊಡೆದರು. ಐದೂ ಅಂಗೈ ಅಗಲದಲ್ಲಿ ಬಿದ್ದವು. ನನ್ನವು ಊಟದ ತಟ್ಟೆ ಅಗಲ. ಹಿಂದಕ್ಕೆ ಒದೆಯುವುದು ಚುರುಕಾಗಿ, ಹನ್ನೆರಡು ಬೋರಿನ ಹಾಗೆ ತಳ್ಳುವುದಲ್ಲ. ಸದ್ದು ಸೀಳಿದ ಹಾಗೆ, ಚಾಟಿ ಬೀಸಿದ ಹಾಗೆ. ದುಡ್ಡಿನ ಲೆಕ್ಕದಲ್ಲಿ, ನಾವು ಕೊಂಡಾಗ ಇದರ ಒಂದು ಗುಂಡಿಗೆ ಹೆಚ್ಚುಕಮ್ಮಿ ಎರಡು ತೋಟಾ ಬರುತ್ತಿದ್ದವು.

ಹಾಗಾದರೆ ಇದೇ ಒಳ್ಳೇದಲ್ವಾ ಅಂದರೆ, ನಮ್ಮ ಹೊಲಕ್ಕೆ ಅಲ್ಲವೇ ಅಲ್ಲ. ಹೊಲದ ಅಂಚಿನಿಂದ ನಾನೂರು ಮೀಟರಿಗೆ ಒಂದು ತೋಟದ ಮನೆ, ಆಚೆ ರಸ್ತೆ, ರಸ್ತೆಯಾಚೆ ಹಾಲಿನ ಡೈರಿ. ಸಣ್ಣ .22 ಗುಂಡಿಗೇ ಒಂದೂವರೆ ಮೈಲಿವರೆಗೆ ಅಪಾಯ ಅಂತ ಪೊಟ್ಟಣದ ಮೇಲೆ ಬರೆದಿರುತ್ತಾರೆ. .315 ಎಷ್ಟು ದೂರ ಹೋಗಬಹುದು ಅಂತ ನೀವೇ ಯೋಚಿಸಿ. ಆರನೇ ನಂಬರ್ ಚರೆಯಾದರೆ ಇನ್ನೂರೈವತ್ತು ಮೂರು ನೂರು ಮೀಟರಿನೊಳಗೆ ಸುಸ್ತಾಗಿ ಬಿದ್ದುಹೋಗುತ್ತವೆ. ರೈಫಲನ್ನು ಬೆದರಿಸಲು ಅಂತ ಗಾಳಿಗೆ ಹಾರಿಸುವುದು ಹುಚ್ಚುತನ. ಮೇಲೆ ಹೋದದ್ದು ಯಾರ ಮನೆಯ ಶೀಟಿನ ಮೇಲೆ ಇಳಿಯುತ್ತದೆ ಅಂತ ಯಾರು ಬಲ್ಲರು? ಕತ್ತಲಲ್ಲಿ ಹಿಂದೆ ಏನಿದೆ ಅಂತ ಕಾಣದೆ ಅದರ ಟ್ರಿಗರ್ ಮುಟ್ಟಲು ನನಗಂತೂ ಕೈ ಬರುವುದಿಲ್ಲ. ಭಾವನೂ ಇದನ್ನು ಒಪ್ಪುತ್ತಾರೆ. ರೇಂಜು ಬಿಟ್ಟು ಬೇರೆಲ್ಲೂ ಅದನ್ನು ಹೊಡೆದಿಲ್ಲ. ಅಂದರೆ ಅವರದ್ದು ಹವ್ಯಾಸ. ಹವ್ಯಾಸಕ್ಕೆ ಅದು ಬಹಳ ಒಳ್ಳೆಯ ಮಾಲು.

ಲೈಸೆನ್ಸಿನಲ್ಲೂ ದಾರಿ ಬೇರೆ. ನಳಿಗೆ ಇಪ್ಪತ್ತು ಇಂಚಿಗಿಂತ ಕಡಿಮೆ ಇಲ್ಲದ, ರೈಫಲಿನ ಹಾಗೆ ಒಳಗೆ ಸುರುಳಿ ಗೆರೆ ಇಲ್ಲದ ಬಂದೂಕವನ್ನು ರಕ್ಷಣೆಗೆ, ಕ್ರೀಡೆಗೆ ಅಂತ ಕಾಯ್ದೆ ಬೇರೆಯಾಗಿ ಹೆಸರಿಸಿದೆ. ರೈಫಲ್ ಬೇಕೆಂದರೆ ನಿಮಗೆ ತಕ್ಕ ಕಾರಣ ಇದೆ ಅಂತ ಅಧಿಕಾರಿಗೆ ಒಪ್ಪಿಗೆಯಾಗಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕ, ಮೊದಲು ಮೂರಿತ್ತು. ತಾತನದ್ದು ಒಂದು, ನನ್ನದೊಂದು, ನನ್ನ ಪುಸ್ತಕ ಭರ್ತಿ. ಒಳ್ಳೆಯದೆಂದರೆ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ನವೀಕರಣಕ್ಕೆ ತುಮಕೂರಿಗೆ ಅಲೆಯುವುದು ಅಷ್ಟು ಕಮ್ಮಿ.

ಏರ್‌ಗನ್ ಕೇಳುವವರೂ ಇದ್ದಾರೆ. ನಳಿಗೆ .177 ಇಂಚು, ಹೊಡೆತದ ಶಕ್ತಿ ಇಪ್ಪತ್ತು ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಗುರಿ ಕಲಿಯಲು ಚೆನ್ನ. ಹಂದಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ.

ಅಂಗಡಿಯಲ್ಲಿ ಯಾರೂ ಹೇಳದ ಖರ್ಚು ಇನ್ನೊಂದಿದೆ, ತುಕ್ಕು. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಬಂದೂಕ ಠೇವಣಿ ಇಡಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಬೇಸಿಗೆ ನನ್ನದು ಮನೆಯಲ್ಲಿರಲಿಲ್ಲ. ಮೊದಲ ಸಲ ಆತುರಕ್ಕೆ ಎಣ್ಣೆ ಬಿಡದೆ, ಚರ್ಮದ ಚೀಲದಲ್ಲೇ ಕೊಟ್ಟುಬಂದೆ. ತಪ್ಪು ನನ್ನದೇ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ವಾಪಸ್ ಬಂದಾಗ ನಳಿಗೆ ಮೇಲೆ ಕೆಂಪು ಚುಕ್ಕೆಗಳು. ಎರಡನೇ ಸಲ ಎಣ್ಣೆ ಬಟ್ಟೆ ಸುತ್ತಿ ಹತ್ತಿ ಚೀಲದಲ್ಲಿ ಕೊಟ್ಟೆ, ಏನೂ ಆಗಲಿಲ್ಲ. ಅಣ್ಣನ ಇಂಗ್ಲಿಷ್ ಬಂದೂಕದ ಕೆತ್ತನೆಯೊಳಗೆ ಕೂತ ತುಕ್ಕನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಾ ಒಂದು ಭಾನುವಾರ ಪೂರ್ತಿ ಹೋಯಿತು. ನನ್ನದಕ್ಕೆ ಅರ್ಧ ಗಂಟೆ.

ಇನ್ನು ಹಂದಿಗಳ ತೀರ್ಪು. ಹೋದ ಸುಗ್ಗಿಯಲ್ಲಿ ಮೊದಲ ವಾರ ಯಾವ ಸದ್ದಿಗಾದರೂ ಓಡಿದವು. ಎರಡನೇ ವಾರ ಜೋಡಿ ನಳಿಗೆಯ ಒಂದು ಸದ್ದಿಗೆ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದವು. ಕೂಡಲೇ ಎರಡನೆಯದು ಹೊಡೆದ ಮೇಲೆ ಓಡಿದವು. ಕೇಪಿನ ಬಂದೂಕದಲ್ಲಿ ಆ ಎರಡನೆಯದು ಇಲ್ಲ. ಇಡೀ ಸುಗ್ಗಿಗೆ ನನಗೆ ಖರ್ಚಾದದ್ದು ಹದಿನಾಲ್ಕು ತೋಟಾ. ಅದರಲ್ಲಿ ನಾಲ್ಕು ಸುಮ್ನೆ ಹೋದವು, ಬಂದಿದ್ದು ಪಕ್ಕದ ಹೊಲದವರ ಎಮ್ಮೆ.