ಚಿತ್ರದ ಯುಆರ್‌ಎಲ್‌ಗೆ ರೆಜೆಕ್ಸ್: ‘ಕಮಲ’ ಪಾಸು, ‘ಮೈಸೂರು’ ಫೇಲು

ಚಿತ್ರಗಳ ಯುಆರ್‌ಎಲ್‌ನಿಂದ ಫೈಲ್ ಹೆಸರು ತೆಗೆಯಲು ಪೈಥಾನ್ ಭಾಷೆಯ ಜೊತೆಗೇ ಬರುವ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿ ಹುಡುಕುವ ಸೂತ್ರ) ಮಾಡ್ಯೂಲನ್ನು ವರ್ಷಗಟ್ಟಲೆ ಬಳಸಿದ ಮೇಲೂ ಹೋಗದ ದೂರು ಒಂದೇ: ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ (\w). ಪದದ ಅಕ್ಷರಗಳನ್ನು ಹಿಡಿಯಬೇಕಾದ ಗುರುತು ಅದು. ಆದರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ನಮ್ಮ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಕೂಡಿಸುವ ವಿರಾಮ ಎಲ್ಲವೂ ಯೂನಿಕೋಡ್‌ನಲ್ಲಿ ‘ಮಾರ್ಕ್’ ಗುಂಪಿನವು. ಹಾಗಾಗಿ ‘ಮೈಸೂರು’ ಕೊಟ್ಟರೆ ಮ, ಸ, ರ ಎಂದು ಮೂರು ಚೂರು ಕೈಗೆ ಬರುತ್ತದೆ. ‘ಕಮಲ’, ‘ನಗರ’ ಎಂಬ ಹೆಸರಿಟ್ಟು ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅವುಗಳಲ್ಲಿ ಗುಣಿತವೇ ಇಲ್ಲವಲ್ಲ!

ಎನ್‌ಕೋಡ್ ಆದ (ಪ್ರತಿ ಬೈಟನ್ನೂ %81ರಂತೆ ಮೂರು ಅಕ್ಷರವಾಗಿ ಬರೆದ) ಯುಆರ್‌ಎಲ್‌ನಲ್ಲಿ ಪೆಟ್ಟು ಇನ್ನೂ ಜೋರು. ‘ಮೈಸೂರು’ ಅಲ್ಲಿ 6 ಕೋಡ್‌ಪಾಯಿಂಟ್ (ಯೂನಿಕೋಡ್ ಸಂಕೇತ), 18 ಬೈಟ್, 54 ಅಕ್ಷರಗಳ ಸರಮಾಲೆ. ಕೊನೆಯ ಉಕಾರದ ಕೊನೆಯ ಬೈಟ್ %81. ಶೇಕಡಾ ಗುರುತನ್ನು ದಾಟಲಾಗದ ಪ್ಯಾಟರ್ನ್ ‘81.ಜೆಪಿಜಿ’ ಅನ್ನೇ ಹೆಸರೆಂದು ಹಿಡಿಯುತ್ತದೆ. ಬೆಂಗಳೂರು, ತುಮಕೂರು, ಮಂಗಳೂರು ಎಲ್ಲವೂ 81. ಇಳಿಸಿಕೊಳ್ಳುವಾಗ ಒಂದರ ಮೇಲೊಂದು ಬರೆದುಕೊಂಡು ಕೊನೆಗೆ ಉಳಿಯುವುದು ಒಂದೇ ಚಿತ್ರ.

ಹೆಸರಿನಲ್ಲಿ ಏನಿರಬೇಕು ಎಂದು ಹೇಳುವುದನ್ನು ಬಿಟ್ಟು, ಅದು ಎಲ್ಲಿ ಮುಗಿಯುತ್ತದೆ ಎಂದು ಹೇಳಿದ ದಿನದಿಂದ ಇದೇ ಸಾಧನ ಇಷ್ಟವಾಗತೊಡಗುತ್ತದೆ. ಯುಆರ್‌ಎಲ್ ರಚನೆಯ ನಿಯಮ ಹೇಳುವ 2005ರ ಮಾನಕ ಆರ್‌ಎಫ್‌ಸಿ 3986ರ ಅನುಬಂಧದಲ್ಲಿ ಸಿದ್ಧ ಪ್ಯಾಟರ್ನೇ ಇದೆ:

^(([^:/?#]+):)?(//([^/?#]*))?([^?#]*)(\?([^#]*))?(#(.*))?

ಒಂದೇ ಒಂದು ಅಕ್ಷರವಿಲ್ಲ, ಬರೀ ಚಿಹ್ನೆಗಳು. ಅದಕ್ಕೇ ಯಾವ ಭಾಷೆಗೂ ಭೇದ ಮಾಡುವುದಿಲ್ಲ. ಎಡದಿಂದ ತೆರೆಯುವ ದುಂಡು ಕಂಸಗಳನ್ನು ಎಣಿಸಿ: 5ನೆಯ ಗುಂಪು ಪಾತ್, ಅಂದರೆ ಫೈಲಿನ ದಾರಿ. ಕ್ವೆರಿ 7ಕ್ಕೆ ಹೋಗುವುದರಿಂದ ‘?’ ಆಚೆಗಿನ ಆವೃತ್ತಿ ಸಂಖ್ಯೆಯ ಕಾಟ ತಪ್ಪುತ್ತದೆ. ಪಾತ್ ಮೇಲೆ [^/]+$ ಓಡಿಸಿದರೆ ಹೆಸರು ಇಡಿಯಾಗಿ ಸಿಗುತ್ತದೆ. ಡಿಕೋಡ್ ಮಾಡುವುದು ಆಮೇಲೆಯೇ. ಮೊದಲೇ ಮಾಡಿದರೆ ಹೆಸರಿನೊಳಗಿನ %23 ಬಿಚ್ಚಿಕೊಂಡು # ಆಗಿ ಹೆಸರು ಅಲ್ಲಿಗೇ ತುಂಡಾಗುತ್ತದೆ. ವಿಸ್ತರಣೆ (ಕೊನೆಯ ‘.ಜೆಪಿಜಿ’) ನೋಡುವಾಗ ಚುಕ್ಕಿಗೆ ಬ್ಯಾಕ್‌ಸ್ಲ್ಯಾಷ್ ಹಾಕಿ, ದೊಡ್ಡಕ್ಷರ ಸಣ್ಣಕ್ಷರ ಭೇದ ತೆಗೆದುಬಿಡಿ, ಕ್ಯಾಮೆರಾಗಳು ದೊಡ್ಡಕ್ಷರದಲ್ಲೂ ಬರೆಯುತ್ತವೆ.

ಎಚ್‌ಟಿಎಮ್‌ಎಲ್‌ನ ಸೋರ್ಸ್‌ಸೆಟ್‌ಗೆ (ಅಲ್ಪವಿರಾಮ ಹಾಕಿ ಹಲವು ಯುಆರ್‌ಎಲ್ ಕೊಡುವ ಪಟ್ಟಿ) ಮಾತ್ರ ಇದನ್ನು ಹಚ್ಚಬೇಡಿ. ಅಲ್ಲಿ ಯುಆರ್‌ಎಲ್ ಒಳಗೂ ಅಲ್ಪವಿರಾಮ ಇರಬಹುದು; ಅದು ಪಾರ್ಸರ್‌ನ (ಎಚ್‌ಟಿಎಮ್‌ಎಲ್ ಓದಿ ಬಿಡಿಸುವ ಪ್ರೋಗ್ರಾಂ) ಕೆಲಸ.

ಹಳೆಯ ಫೋಲ್ಡರ್‌ನಲ್ಲಿ 81 ಅಥವಾ ಬಿಎಫ್ ಹೆಸರಿನ ಚಿತ್ರ ಕಂಡರೆ (ಬಿಎಫ್ ಎಂದರೆ ‘ಹಂಪಿ’ಯ ಗುಡಿಸಿನ ಕೊನೆಯ ಬೈಟ್) ಯುಆರ್‌ಎಲ್ ಪಟ್ಟಿಯಿಂದ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬೇಕು. ಹೆಸರು ಬದಲಿಸಿದರೆ ಅಳಿದುಹೋದವು ಬರುವುದಿಲ್ಲ.