ಪಾರ್ಟ್‌ಟೈಮ್ ಕೆಲಸ: ಗಂಟೆ ಲೆಕ್ಕವೋ, ತಿಂಗಳ ಸಂಬಳವೋ?

ದಿನಕ್ಕೆ ನಾಲ್ಕು ಗಂಟೆ ಅಕೌಂಟ್ಸ್ ಕೆಲಸ, ಎರಡರಲ್ಲಿ ಯಾವುದಕ್ಕೆ ಒಪ್ಪಲಿ ಅಂತ ಕೇಳಿದ್ದೀರಿ.

ಗಂಟೆ ಲೆಕ್ಕದಲ್ಲಿ ಪಿಎಫ್, ಇಎಸ್‌ಐ ಏನೂ ಹಿಡಿಯದಿದ್ದರೆ, ಕೈಗೆ ಬರುವ ದುಡ್ಡು ಮಾತ್ರ ನೋಡಿದಾಗ ಅದೇ ಚೆನ್ನಾಗಿ ಕಾಣುತ್ತದೆ. ತಿಂಗಳ ಸಂಬಳ 14,000 ಅಂದುಕೊಳ್ಳಿ. ಅಷ್ಟಕ್ಕೂ ಪಿಎಫ್ ಹಿಡಿದರೆ 12%, ಅಂದರೆ 1,680 ಹೋಯಿತು, ಇಎಸ್‌ಐ 0.75%ಗೆ ಇನ್ನೊಂದು 105, ಉಳಿದದ್ದು 12,215. ಆದರೆ ಆ 105 ರೂಪಾಯಿಗೆ ಹೆಂಡತಿ ಮಕ್ಕಳಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಪಿಎಫ್‌ಗೆ ಮಾಲೀಕರೂ ಅಷ್ಟೇ ಹಾಕಬೇಕು. ಸುಮ್ನೆ ಬಿಡುವಂಥದ್ದಲ್ಲ, ಅಲ್ವಾ? ಚಿಕ್ಕ ಅಂಗಡಿಯಾದರೆ ಮಾತ್ರ ಈ ಆಸೆ ಬಿಡಿ. ಸಾಮಾನ್ಯವಾಗಿ ಇಎಸ್‌ಐಗೆ 10 ಜನ, ಪಿಎಫ್‌ಗೆ 20 ಜನ ಕೆಲಸಕ್ಕಿರಬೇಕು. ಅಲ್ಲಿ ಅದರ ಬದಲು ಸಂಬಳವನ್ನೇ ಜಾಸ್ತಿ ಕೇಳಿ.

ನಾನು ಏಟು ತಿಂದದ್ದು ಸಮಯದ ವಿಷಯದಲ್ಲಿ. ತಿಂಗಳ ಸಂಬಳಕ್ಕಿದ್ದೆ. 20ನೇ ತಾರೀಕಿನ ಜಿಎಸ್‌ಟಿ ರಿಟರ್ನ್ ಹತ್ತಿರ ಬಂತೆಂದರೆ, ಮಧ್ಯಾಹ್ನ ಒಂದು ಗಂಟೆಗೆ ಬ್ಯಾಗ್ ಎತ್ತಿಕೊಂಡು ಹೊರಟವಳನ್ನು "ಇದೊಂದು ಬಿಲ್ ನೋಡ್ಬಿಡಿ ಮೇಡಂ" ಅಂತ ಕೂರಿಸಿ ಸಂಜೆ ನಾಲ್ಕು ಗಂಟೆ ಮಾಡುತ್ತಿದ್ದರು. ಒಂದು ಪೈಸೆ ಜಾಸ್ತಿ ಇಲ್ಲ. ಗಂಟೆ ಲೆಕ್ಕದಲ್ಲಿ ಆ ಕಾಟವಿಲ್ಲ, ಆದರೆ ಜ್ವರ ಬಂದರೂ, ಹಬ್ಬಕ್ಕೆ ಊರಿಗೆ ಹೋದರೂ ದುಡ್ಡಿಲ್ಲ.

ಮನೆಯಲ್ಲಿ ಇನ್ನೊಬ್ಬರ ಇನ್ಶೂರೆನ್ಸ್ ಇದೆ, ನೀವು ಇನ್ನೆರಡು ಕಡೆಯೂ ಲೆಕ್ಕ ಬರೆಯುತ್ತೀರಿ ಅಂದರೆ ಗಂಟೆ ಲೆಕ್ಕಕ್ಕೆ ಹೋಗಿ. ಮನೆ ನಡೆಯುವುದು ನಿಮ್ಮೊಬ್ಬರ ದುಡಿಮೆಯಲ್ಲೇ ಆದರೆ ತಿಂಗಳ ಸಂಬಳ ವಾಸಿ. ನಾಲ್ಕು ಗಂಟೆ ದಾಟಿದರೆ ಗಂಟೆಗೆ ಇಷ್ಟು ಅಂತ ವಾಟ್ಸಾಪ್‌ನಲ್ಲಾದರೂ ಮೊದಲೇ ಬರೆಸಿಕೊಳ್ಳಿ.